ಐದು ಜನ ಸೇರಿ ಒಂದು ವೆಬ್ ಆ್ಯಪ್ ಕಟ್ಟಿ ನಡೆಸುವುದು ಹೇಗೆ: ಶಂಕರಪುರ ಮಲ್ಲಿಗೆಯ ಲೆಕ್ಕದಿಂದ ಕಲಿತ ಸಮಗ್ರ ಮಾರ್ಗದರ್ಶಿ

ಉಡುಪಿ ಹತ್ತಿರದ ಶಂಕರಪುರದ ಮಲ್ಲಿಗೆಗೆ ಕಿಲೋ ಲೆಕ್ಕ ಇಲ್ಲ. ಅಟ್ಟೆ, ಚೆಂಡಿನ ಲೆಕ್ಕ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಬಾಳೆನಾರಿನಲ್ಲಿ ಕಟ್ಟಿದ ಹೂವು ಬೆಳಿಗ್ಗೆ ಕಟ್ಟೆಗೆ, ಅಂದರೆ ಹೂವು ಒಟ್ಟು ಮಾಡುವ ಜಾಗಕ್ಕೆ, ಬರುತ್ತದೆ. ಪುಸ್ತಕದಲ್ಲಿ ಬೆಳೆಗಾರರ ಹೆಸರಿನ ಮುಂದೆ ಲೆಕ್ಕ ಬೀಳುತ್ತದೆ. ದರ ದಿನಕ್ಕೊಂದು.

ನಾವು ಐದು ಜನ ಸೇರಿ ಅಂಥ ಒಂದು ಕಟ್ಟೆಗೆ ವೆಬ್ ಆ್ಯಪ್ ಮಾಡಿದೆವು. ಯಾರು ಎಷ್ಟು ಹೂವು ತಂದರು, ಆ ದಿನದ ದರ ಎಷ್ಟು, ಅವರಿಗೆ ಎಷ್ಟು ಹಣ ಕೊಡಬೇಕು, ಇಷ್ಟೇ. ಮೊದಲ ವಾರವೇ ಒಬ್ಬರು ಅಮ್ಮ ಫೋನ್ ಹಿಡಿದುಕೊಂಡು ಬಂದರು. "ಎಂತ ಮಗಾ, ಎರಡು ಅಟ್ಟೆ ಮೂರು ಚೆಂಡು ಕೊಟ್ಟಿದ್ದೇನೆ. ದುಡ್ಡು ಕಮ್ಮಿ ಉಂಟಲ್ಲ?"

ನೋಡಿದರೆ ತಪ್ಪು ನಮ್ಮದೇ. ಕಟ್ಟೆಯ ಪುಸ್ತಕದಲ್ಲಿ 2.3 ಅಂತ ಬರೆದಿತ್ತು. ಅಂದರೆ ಎರಡು ಅಟ್ಟೆ, ಮೂರು ಚೆಂಡು. ಒಟ್ಟು 11 ಚೆಂಡು. ನಾವು ಅದನ್ನು ದಶಮಾಂಶ ಅಂತ ಓದಿ, 2.3ನ್ನು ನೇರ ದರಕ್ಕೆ ಗುಣಿಸಿದ್ದೆವು. ಅವತ್ತು ಅಟ್ಟೆಗೆ 800 ರೂಪಾಯಿ. 2200 ಬರಬೇಕಾದಲ್ಲಿ 1840 ತೋರಿಸಿತ್ತು. ಕತ್ತಲಿರುವಾಗಲೇ ಎದ್ದು ಮೊಗ್ಗು ಕೊಯ್ದವರಿಗೆ 360 ರೂಪಾಯಿ ಕಮ್ಮಿ.

ನನಗೆ ಜಾಸ್ತಿ ನೋವಾದದ್ದು ಇನ್ನೊಂದು ವಿಷಯಕ್ಕೆ. ನಮ್ಮ ತಂಡದ ಒಬ್ಬಳಿಗೆ ಈ ಲೆಕ್ಕ ಸರಿಯಾಗಿ ಗೊತ್ತಿತ್ತು. ಅವಳ ಮನೆ ಶಿರ್ವದ ಹತ್ತಿರ, ಅಂಗಳದಲ್ಲೇ ಮಲ್ಲಿಗೆ ಗಿಡಗಳಿವೆ. ಕೋಡ್ ಬರೆದವನಿಗೆ ಅವಳು ಫೋನಿನಲ್ಲಿ ಹೇಳಿಯೂ ಇದ್ದಳು. ಆದರೆ ಎಲ್ಲೂ ಬರೆದಿಟ್ಟಿರಲಿಲ್ಲ.

ನಮ್ಮ ಉಡುಪಿ, ಮಂಗಳೂರು ಕಡೆಯ ತಂಡಗಳಿಗೆ ಇದು ದೊಡ್ಡ ಅಪಾಯ. ಓದು ಮುಗಿದ ಕೂಡಲೇ ಒಬ್ಬ ಬೆಂಗಳೂರಿಗೆ ಹೊರಡುತ್ತಾನೆ, ಇನ್ನೊಬ್ಬಳು ದುಬೈಗೆ. ಹೋಗಲಿ, ಹೋಗಲೇಬೇಕು. ಆದರೆ ಅವರ ತಲೆಯಲ್ಲಿದ್ದದ್ದು ಅವರ ಜೊತೆಗೇ ಬಸ್ಸು ಹತ್ತಬಾರದು. ಹಾಗಾಗಿ ಕೆಳಗಿನ ಪ್ರತಿ ಹೆಜ್ಜೆಯಲ್ಲೂ ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೇನೆ: ಈ ಕೆಲಸ ಮಾಡುವವರು ನಾಳೆ ಇಲ್ಲದಿದ್ದರೆ ಆ್ಯಪ್ ನಡೆಯುತ್ತದಾ?

ನಾವು ಬಳಸಿದ್ದು ಪೈಥಾನ್ ಭಾಷೆ, ಅದರಲ್ಲಿ ವೆಬ್ ಆ್ಯಪ್ ಕಟ್ಟುವ ಚೌಕಟ್ಟಾದ ಜಾಂಗೋ, ಡೇಟಾಬೇಸ್‌ಗೆ ಪೋಸ್ಟ್‌ಗ್ರೆಸ್, ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಗಿಟ್ ಮತ್ತು ಆ ಕೋಡನ್ನು ಆನ್‌ಲೈನ್‌ನಲ್ಲಿ ಹಂಚಿಕೊಳ್ಳುವ ಗಿಟ್‌ಹಬ್. ನಿಮ್ಮದು ಲಾರಾವೆಲ್ ಇರಲಿ, ನೋಡ್ ಇರಲಿ, ಕ್ರಮ ಹೆಚ್ಚುಕಡಿಮೆ ಇದೇ.

1. ಮೊದಲು ಕಟ್ಟೆಯಲ್ಲಿ ಕೂರಿ

ಲ್ಯಾಪ್‌ಟಾಪ್ ತೆರೆಯುವ ಮೊದಲು ಆ್ಯಪ್ ಬಳಸುವವರ ಜಾಗದಲ್ಲಿ ಒಂದು ಇಡೀ ಬೆಳಿಗ್ಗೆ ಕೂರಿ. ತಂಡದ ಎಲ್ಲರೂ ಕೂರಬೇಕು, ಒಬ್ಬರು ಹೋಗಿ ಬಂದು ಹೇಳಿದರೆ ಸಾಲದು. ಅವರು ಈಗ ಬಳಸುವ ಪುಸ್ತಕದ ನಾಲ್ಕೈದು ಪುಟಗಳ ಫೋಟೊ ತೆಗೆದುಕೊಳ್ಳಿ. ಹೆಸರು, ಫೋನ್ ನಂಬರ್ ಕಂಡರೆ ಮುಚ್ಚಿ ತೆಗೆಯಿರಿ. ಆ ಪುಟಗಳಲ್ಲಿ ಹೊಡೆದು ಹಾಕಿದ ಸಾಲು, ಪಕ್ಕದಲ್ಲಿ ಬರೆದ ಚಿಕ್ಕ ಅಕ್ಷರ, ಕೆಂಪು ಗುರುತು, ಎಲ್ಲದಕ್ಕೂ ಅರ್ಥ ಕೇಳಿ. ಆ 2.3ರ ಅರ್ಥವನ್ನು ನಾವು ಅವತ್ತೇ ಕೇಳಿದ್ದರೆ ಸಾಕಿತ್ತು.

ಆಮೇಲೆ ಒಂದು ಪದಪಟ್ಟಿ ಮಾಡಿ. ಅಟ್ಟೆ ಅಂದರೆ ಏನು, ಚೆಂಡು ಅಂದರೆ ಏನು, ಕಟ್ಟೆಯವರು ಯಾವುದಕ್ಕೆ 'ಬಾಕಿ' ಅನ್ನುತ್ತಾರೆ, ಯಾವುದಕ್ಕೆ 'ಮುಂಗಡ' ಅನ್ನುತ್ತಾರೆ. ಕೋಡ್‌ನಲ್ಲೂ ಇದೇ ಹೆಸರುಗಳನ್ನು ಇಡಿ. ನಾವು ಮೊದಲು ಬಂಡಲ್, ಯೂನಿಟ್ ಅಂತ ಇಟ್ಟಿದ್ದೆವು. ಒಬ್ಬರು ಬಂಡಲ್ ಅಂದರೆ ಅಟ್ಟೆ ಅಂದುಕೊಂಡರು, ಇನ್ನೊಬ್ಬರು ಚೆಂಡು ಅಂದುಕೊಂಡರು. ಹೆಸರನ್ನು ಅಟ್ಟೆ, ಚೆಂಡು ಅಂತ ಬದಲಾಯಿಸಿದ ಮೇಲೆ ಆ ಗೊಂದಲ ಮತ್ತೆ ಬರಲಿಲ್ಲ. ನಮ್ಮ ಕಡೆಯ ತಂಡದಲ್ಲಿ ಮಾತು ತುಳುವಿನಲ್ಲಿ ಶುರುವಾಗಿ, ಕೊಂಕಣಿ, ಕುಂದಾಪುರ ಕನ್ನಡ ಎಲ್ಲ ಸೇರಿಕೊಳ್ಳುತ್ತದೆ. ಮಾತು ಹೇಗೂ ಇರಲಿ, ಬರಹದಲ್ಲಿ ಒಂದು ವಸ್ತುವಿಗೆ ಒಂದೇ ಹೆಸರು ಇರಲಿ.

ಕೊನೆಗೆ ಒಂದೇ ಪುಟದಲ್ಲಿ ಬರೆಯಿರಿ: ಆ್ಯಪ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ. ನಮ್ಮ 'ಮಾಡುವುದಿಲ್ಲ' ಪಟ್ಟಿಯಲ್ಲಿ ಆನ್‌ಲೈನ್ ಹಣ ಪಾವತಿ, ಹೂವಿನ ಮಾರಾಟ, ದರ ಮುಂದೆ ಎಷ್ಟಾಗಬಹುದು ಅನ್ನುವ ಅಂದಾಜು ಇದ್ದವು. ಮೂರನ್ನೂ ಮಾಡಬೇಕು ಅಂತ ಆಸೆ ಇತ್ತು. ಬಿಟ್ಟದ್ದರಿಂದಲೇ ಉಳಿದದ್ದು ಮುಗಿಯಿತು.

2. ಪ್ರತಿ ಕೆಲಸಕ್ಕೂ ಇಬ್ಬರು

ಸರ್ವರ್, ಡೇಟಾಬೇಸ್, ಪರದೆಯ ವಿನ್ಯಾಸ, ಬಳಸುವವರ ಜೊತೆ ಮಾತು. ಪ್ರತಿಯೊಂದಕ್ಕೂ ಒಬ್ಬರು ಮುಖ್ಯ, ಇನ್ನೊಬ್ಬರು ಜೊತೆಗಾರರು. ಜೊತೆಗಾರರು ಸುಮ್ನೆ ಹೆಸರಿಗೆ ಇರಬಾರದು. ತಿಂಗಳಿಗೆ ಒಂದು ಸಲವಾದರೂ ಆ ಕೆಲಸವನ್ನು ಅವರೇ ಕೈಯಾರೆ ಮಾಡಬೇಕು.

ಬೀಗದ ಕೈಗಳ ವಿಷಯ ಇನ್ನೂ ಮುಖ್ಯ. ನಾನು ಮೊದಲು ಇದ್ದ ಒಂದು ಪ್ರಾಜೆಕ್ಟ್‌ನಲ್ಲಿ ಡೊಮೈನ್ ಹೆಸರನ್ನು ಒಬ್ಬ ಗೆಳೆಯ ತನ್ನ ಸ್ವಂತ ಇಮೇಲ್‌ನಲ್ಲಿ ಕೊಂಡಿದ್ದ. ಅವನು ಕೆಲಸಕ್ಕೆ ಅಂತ ಹೊರದೇಶಕ್ಕೆ ಹೋದ, ಹಳೆಯ ಇಮೇಲ್ ನೋಡುವುದು ಬಿಟ್ಟ. ನವೀಕರಣದ ನೆನಪೋಲೆ ಅಲ್ಲೇ ಕೂತಿತ್ತು. ಒಂದು ದಿನ ಸೈಟೇ ಇಲ್ಲ. ಅವನ ಹಳೆಯ ಸಿಮ್ ಕೂಡ ನಿಂತಿದ್ದರಿಂದ ಓಟಿಪಿ ಬರಲಿಲ್ಲ. ಎರಡು ವಾರ ಒದ್ದಾಡಿದೆವು.

ಅದಕ್ಕೆ ಹೀಗೆ ಮಾಡಿ. ಡೊಮೈನ್ ಆ್ಯಪ್‌ನ ಒಡೆಯರ ಹೆಸರಿನಲ್ಲೇ ಇರಲಿ. ನಮ್ಮಲ್ಲಿ ಅದು ಕಟ್ಟೆಯವರ ಹೆಸರಿನಲ್ಲಿದೆ. ಪ್ರಾಜೆಕ್ಟ್‌ಗೆ ಅಂತಲೇ ಒಂದು ಇಮೇಲ್ ಮಾಡಿ, ಅದಕ್ಕೆ ಇಬ್ಬರ ಪ್ರವೇಶ ಇರಲಿ. ಗಿಟ್‌ಹಬ್‌ನಲ್ಲಿ ಒಬ್ಬರ ಖಾತೆಯಡಿ ರೆಪೊ (ಕೋಡ್ ಇರುವ ಸಂಗ್ರಹ) ಇಡಬೇಡಿ, ಆರ್ಗನೈಸೇಶನ್ ಮಾಡಿ ಇಬ್ಬರನ್ನು ಓನರ್ ಮಾಡಿ. ಎರಡು ಹಂತದ ಲಾಗಿನ್ ಹಾಕಿದಾಗ ಸಿಗುವ ರಿಕವರಿ ಕೋಡ್‌ಗಳನ್ನು ಪ್ರಿಂಟ್ ತೆಗೆದು ಎರಡು ಮನೆಗಳಲ್ಲಿ ಇಡಿ. ಪಾಸ್‌ವರ್ಡ್‌ಗಳು ಪಾಸ್‌ವರ್ಡ್ ಮ್ಯಾನೇಜರ್‌ನಲ್ಲಿ ಇರಬೇಕು, ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಬೇಡವೇ ಬೇಡ.

3. ರೆಪೊ ಮತ್ತು ರೀಡ್‌ಮಿ

ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಗಿಟ್ ಬರೆದದ್ದು ಲಿನಕ್ಸ್ ಕರ್ನೆಲ್ ಕೆಲಸಕ್ಕೆ. ಜಗತ್ತಿನ ಬೇರೆ ಬೇರೆ ಕಡೆ ಕೂತವರು ಒಂದೇ ಕೋಡ್ ಮೇಲೆ ಕೆಲಸ ಮಾಡಬೇಕಿತ್ತು. ಹಾಗಾಗಿ ಪ್ರತಿಯೊಬ್ಬರ ಯಂತ್ರದಲ್ಲೂ ಇಡೀ ಇತಿಹಾಸ ಇರುತ್ತದೆ. ನಮ್ಮ ಮಳೆಗಾಲಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಜುಲೈಯಲ್ಲಿ ಕರೆಂಟ್ ಹೋಗಿ, ನೆಟ್ ಹೋಗಿ ಕೂತಾಗಲೂ ಕಮಿಟ್ ಮಾಡುತ್ತಾ (ಬದಲಾವಣೆಗಳನ್ನು ಗಿಟ್‌ನಲ್ಲಿ ದಾಖಲಿಸುತ್ತಾ) ಇರಬಹುದು, ನೆಟ್ ಬಂದಾಗ ಪುಶ್ ಮಾಡಿದರಾಯಿತು (ಗಿಟ್‌ಹಬ್‌ಗೆ ಕಳುಹಿಸಿದರಾಯಿತು). ಆದರೆ ಸಂಜೆ ಕೆಲಸ ಬಿಟ್ಟು ಏಳುವ ಮೊದಲು ಪುಶ್ ಮಾಡಲೇಬೇಕು ಅಂತ ನಿಯಮ ಇಟ್ಟುಕೊಳ್ಳಿ. ಸಿಡಿಲಿಗೆ ಚಾರ್ಜರ್ ಸಮೇತ ಲ್ಯಾಪ್‌ಟಾಪ್ ಸುಟ್ಟದ್ದನ್ನು ನಾನು ನೋಡಿದ್ದೇನೆ. ಅದರಲ್ಲಿ ಮೂರು ದಿನದ ಕೆಲಸ ಇತ್ತು.

ರೀಡ್‌ಮಿ ಕಡತದಲ್ಲಿ ಹೊಸಬರು ತಮ್ಮ ಲ್ಯಾಪ್‌ಟಾಪಿನಲ್ಲಿ ಆ್ಯಪ್ ಓಡಿಸಲು ಬೇಕಾದ ಪ್ರತಿ ಆಜ್ಞೆಯೂ ಸಾಲಾಗಿ ಇರಬೇಕು. ಯಾವ ಆವೃತ್ತಿಯ ಪೈಥಾನ್, ಯಾವ ಆವೃತ್ತಿಯ ಜಾಂಗೋ ಅಂತ ನಿಖರವಾಗಿ ಬರೆದು, ಲೈಬ್ರರಿಗಳ ಆವೃತ್ತಿಗಳನ್ನೂ ಕಟ್ಟಿಹಾಕಿ. ದೀರ್ಘ ಕಾಲ ಬೆಂಬಲ ಇರುವ ಆವೃತ್ತಿಯನ್ನೇ ಆರಿಸಿ. ಏಪ್ರಿಲ್ 2025ರಲ್ಲಿ ಬಂದ ಜಾಂಗೋ 5.2 ಅಂಥದ್ದು. ಅದಕ್ಕೆ 2028ರ ಏಪ್ರಿಲ್ ತನಕ ಭದ್ರತೆಯ ತಿದ್ದುಪಡಿಗಳು ಸಿಗುತ್ತವೆ. ಸಣ್ಣ ತಂಡಕ್ಕೆ ಹೊಸದಕ್ಕಿಂತ ಬಾಳಿಕೆ ಬರುವುದು ಮುಖ್ಯ ಅಂತ ನನ್ನ ಅಭಿಪ್ರಾಯ.

ಡೇಟಾಬೇಸ್ ಪಾಸ್‌ವರ್ಡ್, ಸೀಕ್ರೆಟ್ ಕೀ ಇವೆಲ್ಲ ರೆಪೊದ ಒಳಗೆ ಬರಬಾರದು. ಬೇರೆ ಎನ್ವ್ (.env) ಕಡತದಲ್ಲಿಟ್ಟು ಆ ಕಡತದ ಹೆಸರನ್ನು ಮೊದಲ ದಿನವೇ, ಗಿಟ್ ಬಿಟ್ಟುಬಿಡಬೇಕಾದ ಕಡತಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸಿ. ಖಾಲಿ ಬೆಲೆಗಳಿರುವ ಮಾದರಿ ಕಡತವೊಂದು ರೆಪೊದಲ್ಲಿರಲಿ. ಯಾರಾದರೂ ತಪ್ಪಿ ಪಾಸ್‌ವರ್ಡ್ ಪುಶ್ ಮಾಡಿದರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೆ ಸಾಲದು. ಇತಿಹಾಸದಲ್ಲಿ ಅದು ಹಾಗೇ ಇರುತ್ತದೆ. ಮೊದಲು ಆ ಪಾಸ್‌ವರ್ಡನ್ನೇ ಬದಲಾಯಿಸಿ. ಆಮೇಲೆ ಉಳಿದ ಮಾತು. ತಪ್ಪು ಮಾಡಿದವರನ್ನು ಬೈಯಬೇಡಿ, ಬೈದರೆ ಮುಂದಿನ ಸಲ ಹೇಳುವುದೇ ಇಲ್ಲ.

4. ಬ್ರಾಂಚ್, ಪುಲ್ ರಿಕ್ವೆಸ್ಟ್, ರಿವ್ಯೂ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ದಿನದ ಕೆಲಸ ಇರುವುದೇ ಇಲ್ಲಿ.

ಮೊದಲು ಗಿಟ್‌ಹಬ್‌ನಲ್ಲಿ ಇಶ್ಯೂ, ಅಂದರೆ ಆಗಬೇಕಾದ ಕೆಲಸದ ಟಿಪ್ಪಣಿ, ಬರೆಯಿರಿ. "ದರ ಪುಟ ಸರಿ ಮಾಡು" ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. "ಇವತ್ತಿನ ದರ ಬದಲಿಸಿದರೆ ಕಳೆದ ವಾರದ ಬಿಲ್‌ಗಳೂ ಬದಲಾಗುತ್ತಿವೆ. ಬದಲಾಗಬಾರದು. ಹಳೆಯ ಬಿಲ್ ಆ ದಿನದ ದರದಲ್ಲೇ ಉಳಿಯಬೇಕು." ಇಷ್ಟು ಬರೆದರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಇದು ನಿಜಕ್ಕೂ ನಮ್ಮಲ್ಲಿ ಆದ ತಪ್ಪು. ದರವನ್ನು ಒಂದೇ ಕಡೆ ಇಟ್ಟಿದ್ದೆವು, ತಾರೀಕಿನ ಜೊತೆ ಇಡಬೇಕಿತ್ತು.

ಇಶ್ಯೂ ಎತ್ತಿಕೊಂಡವರು ಮೇನ್ ಬ್ರಾಂಚನ್ನು (ಎಲ್ಲರ ಕೋಡ್ ಸೇರುವ ಮುಖ್ಯ ಪ್ರತಿಯನ್ನು) ಪುಲ್ ಮಾಡಿ, ಅಂದರೆ ತಮ್ಮ ಯಂತ್ರಕ್ಕೆ ಇಳಿಸಿಕೊಂಡು, ಅದರಿಂದ ಹೊಸ ಬ್ರಾಂಚ್ (ತಮ್ಮ ಕೆಲಸಕ್ಕೆ ಬೇರೆ ಪ್ರತಿ) ತೆಗೆಯಬೇಕು. ಹೆಸರಿನಲ್ಲಿ ಇಶ್ಯೂ ಸಂಖ್ಯೆ ಇರಲಿ. ಒಂದು ಬ್ರಾಂಚ್‌ಗೆ ಎರಡು ಮೂರು ದಿನಕ್ಕಿಂತ ಜಾಸ್ತಿ ಆಯಸ್ಸು ಬೇಡ. ಹಳತಾದಷ್ಟೂ ಉಳಿದವರ ಕೋಡ್‌ನಿಂದ ದೂರ ಹೋಗುತ್ತದೆ, ಸೇರಿಸುವಾಗ ಕಷ್ಟ. ದೊಡ್ಡ ಕೆಲಸ ಇದ್ದರೆ ತುಂಡು ಮಾಡಿ.

ಕೆಲಸ ಆದ ಮೇಲೆ ಪುಲ್ ರಿಕ್ವೆಸ್ಟ್, ಅಂದರೆ ಇದನ್ನು ನೋಡಿ ಮೇನ್‌ಗೆ ಸೇರಿಸಿ ಅನ್ನುವ ಕೋರಿಕೆ. ಅದರಲ್ಲಿ ಏನು ಬದಲಾಯಿತು, ಯಾಕೆ, ಹೇಗೆ ಪರೀಕ್ಷೆ ಮಾಡುವುದು ಅಂತ ನಾಲ್ಕು ಸಾಲು ಬರೆಯಿರಿ. ಪರದೆ ಬದಲಾಗಿದ್ದರೆ ಒಂದು ಸ್ಕ್ರೀನ್‌ಶಾಟ್ ಹಾಕಿ. ಇನ್ನೂರು ಸಾಲು ಮೀರಿದರೆ ನೋಡುವವರು ಕಣ್ಣಾಡಿಸಿ 'ಓಕೆ' ಅನ್ನುತ್ತಾರೆ. ಇದು ಯಾರ ಸೋಮಾರಿತನವೂ ಅಲ್ಲ, ಅಷ್ಟು ಒಟ್ಟಿಗೆ ಓದುವುದು ಆಗದ ಮಾತು.

ರಿವ್ಯೂ ಮಾಡುವವರು ಒಂದು ದಿನದೊಳಗೆ ಉತ್ತರ ಕೊಡಬೇಕು. ನಾಲ್ಕು ದಿನ ಕಾಯಿಸಿದರೆ ಬರೆದವರ ಉತ್ಸಾಹ ಇಳಿದು ಹೋಗುತ್ತದೆ. ಮಾತು ಮೆತ್ತಗಿರಲಿ. "ಇದು ತಪ್ಪು" ಅನ್ನುವ ಬದಲು "ಒಬ್ಬರು ಬರೀ ಮೂರು ಚೆಂಡು ತಂದು, ಅಟ್ಟೆಯ ಜಾಗ ಖಾಲಿ ಬಿಟ್ಟರೆ ಇಲ್ಲಿ ಏನಾಗುತ್ತದೆ?" ಅಂತ ಕೇಳಿ. ನಮ್ಮ ತಂಡದ ಕಿರಿಯ ಹುಡುಗ ನನ್ನ ಕೋಡ್‌ಗೆ ಇದೇ ಪ್ರಶ್ನೆ ಕೇಳಿದ. ನೋಡಿದರೆ ಪುಟವೇ ತೆರೆಯುತ್ತಿರಲಿಲ್ಲ. ಅವನು ಆಗ ಡಿಪ್ಲೊಮಾ ಎರಡನೇ ವರ್ಷ. ಹಿರಿಯರ ಕೋಡ್‌ಗೆ ಕಿರಿಯರು ಪ್ರಶ್ನೆ ಕೇಳುವ ಅಭ್ಯಾಸವನ್ನು ಮೊದಲ ವಾರದಿಂದಲೇ ಬೆಳೆಸಿ. ಇಲ್ಲಿ 'ಅಣ್ಣ ಬರೆದದ್ದು, ಸರಿ ಇರಬಹುದು' ಅಂತ ಸುಮ್ಮನಾಗುವವರು ಬಹಳ.

ಮೇನ್ ಬ್ರಾಂಚ್‌ಗೆ ನೇರ ಪುಶ್ ಆಗದ ಹಾಗೆ ಗಿಟ್‌ಹಬ್‌ನಲ್ಲಿ ಬೀಗ ಹಾಕಬಹುದು. ಉಚಿತ ಯೋಜನೆಯಲ್ಲಿ ಸಾರ್ವಜನಿಕ ರೆಪೊಗಳಿಗೆ ಈ ಸೌಲಭ್ಯ ಇದೆ, ಖಾಸಗಿ ರೆಪೊಗೆ ಬೇಕಾದರೆ ಹಣ ಕೊಡುವ ಯೋಜನೆ ಬೇಕು. ಹಣ ಇಲ್ಲದಿದ್ದರೆ ಬಾಯಿಮಾತಿನ ನಿಯಮ ಮಾಡಿ, ಮುರಿದವರು ಅವತ್ತೇ ಗ್ರೂಪಿನಲ್ಲಿ ಹೇಳಬೇಕು.

ಇಬ್ಬರು ಒಂದೇ ಸಾಲನ್ನು ಬದಲಿಸಿದರೆ ಕಾನ್‌ಫ್ಲಿಕ್ಟ್ ಬರುತ್ತದೆ. ಕಡತ ತೆರೆದರೆ ಏಳು ಬಾಣದ ಗುರುತು, ಅದರ ಕೆಳಗೆ ನಿಮ್ಮ ಸಾಲು, ಮಧ್ಯೆ ಏಳು ಸಮ ಚಿಹ್ನೆ, ಆಮೇಲೆ ಅವರ ಸಾಲು, ಕೊನೆಗೆ ಮತ್ತೆ ಬಾಣಗಳು. ಹೆದರಬೇಡಿ. ಏನೂ ಕಳೆದುಹೋಗಿಲ್ಲ, ಯಾವುದು ಇರಬೇಕು ಅಂತ ಗಿಟ್ ಕೇಳುತ್ತಿದೆ ಅಷ್ಟೆ. ಆದರೆ ಒಬ್ಬರೇ ಕೂತು ತೀರ್ಮಾನ ಮಾಡಬೇಡಿ. ಆ ಇನ್ನೊಂದು ಸಾಲು ಬರೆದವರಿಗೆ ಫೋನ್ ಮಾಡಿ. ಎರಡು ನಿಮಿಷದ ಮಾತು. ನಾನು ಒಮ್ಮೆ ಫೋನ್ ಮಾಡದೆ ನನ್ನ ಸಾಲನ್ನೇ ಉಳಿಸಿಕೊಂಡು, ಗೆಳತಿ ಸರಿಮಾಡಿದ್ದ ಮುಂಗಡದ ಲೆಕ್ಕವನ್ನು ಅಳಿಸಿಬಿಟ್ಟಿದ್ದೆ.

5. ಡೇಟಾಬೇಸ್: ಒಟ್ಟಿಗೆ ಕೆಲಸ ಮಾಡುವಾಗ ಜಾಸ್ತಿ ಎಡವುವ ಜಾಗ

ಕೋಡ್ ಕೆಟ್ಟರೆ ಹಿಂದಕ್ಕೆ ಹೋಗಬಹುದು. ಡೇಟಾ ಕೆಟ್ಟರೆ ಅಷ್ಟು ಸುಲಭ ಇಲ್ಲ.

ಮೊದಲು ಅಳತೆ. ಆ 2.3ರ ಕಥೆಯಾದ ಮೇಲೆ ನಾವು ಅಟ್ಟೆಯನ್ನು ಡೇಟಾಬೇಸ್‌ನಿಂದಲೇ ತೆಗೆದೆವು. ಒಳಗೆ ಇರುವುದು ಚೆಂಡು ಮಾತ್ರ, ಅದೂ ಪೂರ್ಣಾಂಕದಲ್ಲಿ. 11 ಅಂತ ಇರುತ್ತದೆ, ಪರದೆಯ ಮೇಲೆ ತೋರಿಸುವಾಗ ನಾಲ್ಕರಿಂದ ಭಾಗಿಸಿ "2 ಅಟ್ಟೆ 3 ಚೆಂಡು" ಅಂತ ಬರೆಯುತ್ತೇವೆ. ನಿಮ್ಮ ಆ್ಯಪ್‌ನಲ್ಲೂ ಹೀಗೇ, ಎಲ್ಲಕ್ಕಿಂತ ಸಣ್ಣ ಅಳತೆಯನ್ನು ಹಿಡಿದುಕೊಳ್ಳಿ.

ಹಣಕ್ಕೆ ಫ್ಲೋಟ್ (ದಶಮಾಂಶವನ್ನು ಅಂದಾಜಾಗಿ ಇಡುವ ಬಗೆ) ಬೇಡ. ನಿಖರವಾಗಿ ಇಡುವ ಡೆಸಿಮಲ್ ಬಳಸಿ, ಇಲ್ಲವಾದರೆ ಪೈಸೆಯಲ್ಲಿ ಇಡಿ. ಯಾವಾಗ ರೌಂಡ್ ಮಾಡುವುದು ಅನ್ನುವುದನ್ನೂ ಬರೆದಿಡಿ. ಅಟ್ಟೆಗೆ 1050 ರೂಪಾಯಿ ಇದ್ದರೆ ಚೆಂಡಿಗೆ 262.50. ಅದನ್ನು ಮೊದಲೇ 263 ಮಾಡಿ 11 ಚೆಂಡಿಗೆ ಗುಣಿಸಿದರೆ 2893. ಮೊದಲು ಗುಣಿಸಿ ಆಮೇಲೆ ಭಾಗಿಸಿದರೆ 2887.50. ನಮ್ಮಲ್ಲಿ ಇಬ್ಬರು ಎರಡು ಪುಟಗಳಲ್ಲಿ ಎರಡು ರೀತಿ ಬರೆದಿದ್ದರು. ಬಿಲ್ಲಿನಲ್ಲಿ ಒಂದು ಮೊತ್ತ, ವಾರದ ಪಟ್ಟಿಯಲ್ಲಿ ಇನ್ನೊಂದು. ಕಟ್ಟೆಯವರಿಗೆ ಐದೂವರೆ ರೂಪಾಯಿ ದೊಡ್ಡದಾಗಿ ಕಾಣಲಿಲ್ಲ. ಆದರೆ ಎರಡು ಕಡೆ ಎರಡು ಲೆಕ್ಕ ತೋರಿಸುವ ಆ್ಯಪನ್ನು ಅವರು ಹೇಗೆ ನಂಬುವುದು, ಅಲ್ವಾ? ಈಗ ಲೆಕ್ಕ ಮಾಡುವ ಫಂಕ್ಷನ್ ಒಂದೇ. ಎಲ್ಲ ಪುಟಗಳೂ ಅದನ್ನೇ ಕರೆಯುತ್ತವೆ.

ಸಮಯದ ವಿಷಯ ಇನ್ನೊಂದು. ನಮ್ಮ ಗಡಿಯಾರ ಯುಟಿಸಿಗಿಂತ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯಕ್ಕಿಂತ) ಐದೂವರೆ ಗಂಟೆ ಮುಂದೆ. ಒಬ್ಬರು ಅಕ್ಕ ಬೆಳಿಗ್ಗೆ 5 ಗಂಟೆಗೇ "ಇವತ್ತು ಇಷ್ಟು ಚೆಂಡು ಆಗಬಹುದು" ಅಂತ ಆ್ಯಪ್‌ನಲ್ಲಿ ಹಾಕುತ್ತಿದ್ದರು. ಯುಟಿಸಿಯಲ್ಲಿ ಅದು ಹಿಂದಿನ ದಿನದ ರಾತ್ರಿ 11:30. ಹಾಗಾಗಿ ಅವರ ಹೂವು ದಿನವೂ ನಿನ್ನೆಯ ಲೆಕ್ಕಕ್ಕೆ ಹೋಗುತ್ತಿತ್ತು. ಆರು ಗಂಟೆಗೆ ಹಾಕುವವರದ್ದು ಸರಿಯಾಗಿತ್ತು, ಅದರಿಂದ ಕಾರಣ ಹುಡುಕಲು ತುಂಬಾ ಹೊತ್ತು ಹಿಡಿಯಿತು. ಜಾಂಗೋದಲ್ಲಿ ಟೈಮ್ ಝೋನ್ ಏಷ್ಯಾ ಕೋಲ್ಕತಾ ಅಂತ ಇಟ್ಟರೂ, ನೌ ಫಂಕ್ಷನ್ ಕೊಡುವ ಸಮಯದಿಂದ ನೇರ ತಾರೀಕು ತೆಗೆದರೆ ಯುಟಿಸಿ ತಾರೀಕೇ ಬರುತ್ತದೆ. ಲೋಕಲ್‌ಡೇಟ್ ಅನ್ನುವ ಫಂಕ್ಷನ್ ಬಳಸಬೇಕು. ಇದನ್ನು ನಮ್ಮ ರಿವ್ಯೂ ಪಟ್ಟಿಯ ಮೊದಲ ಸಾಲಿನಲ್ಲೇ ಬರೆದಿದ್ದೇವೆ.

ಕನ್ನಡದ ಹೆಸರುಗಳನ್ನು ಹುಡುಕುವಾಗ ಇನ್ನೊಂದು ತೊಡಕು ಇದೆ. 'ಕೊಡವೂರು' ಅನ್ನುವುದರ ಮೊದಲ ಅಕ್ಷರದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಗುರುತಾಗಿಯೂ ಬರೆಯಬಹುದು, ಎತ್ವ ಮತ್ತು ದೀರ್ಘ ಉಕಾರದ ಎರಡು ಗುರುತು ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಉಳಿಸುವ ಮೊದಲು ಮತ್ತು ಹುಡುಕುವ ಮೊದಲು ಎನ್‌ಎಫ್‌ಸಿ ಅನ್ನುವ ಒಂದೇ ರೂಪಕ್ಕೆ ತಂದರೆ ಸರಿಯಾಗುತ್ತದೆ, ಪೈಥಾನ್‌ನಲ್ಲಿ ಅದಕ್ಕೆ ಒಂದೇ ಸಾಲು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಗಳಿದ್ದರೆ ಅವು ಯೂನಿಕೋಡ್ ಅಲ್ಲ, ಮೊದಲು ಪರಿವರ್ತನೆ ಮಾಡಿ ಆಮೇಲೆ ತುಂಬಿ. ಕೆಲವರು ಅಂಕಿಗಳನ್ನೂ ಕನ್ನಡದಲ್ಲೇ ಟೈಪ್ ಮಾಡುತ್ತಾರೆ. ಪೈಥಾನ್‌ಗೆ ೧೨ ಕೊಟ್ಟರೆ 12 ಅಂತ ಅರ್ಥ ಮಾಡಿಕೊಳ್ಳುತ್ತದೆ, ಜಾವಾಸ್ಕ್ರಿಪ್ಟ್ ಮಾಡಿಕೊಳ್ಳುವುದಿಲ್ಲ.

ಈಗ ಮೈಗ್ರೇಶನ್, ಅಂದರೆ ಡೇಟಾಬೇಸ್‌ನ ರಚನೆಯನ್ನು ಹಂತ ಹಂತವಾಗಿ ಬದಲಿಸುವ, ಸಂಖ್ಯೆ ಹಾಕಿದ ಕಡತಗಳು. ಕೊನೆಯ ಮೈಗ್ರೇಶನ್ 6ನೆಯದು ಅಂತ ಇಟ್ಟುಕೊಳ್ಳಿ. ನೀವು ನಿಮ್ಮ ಬ್ರಾಂಚ್‌ನಲ್ಲಿ 7 ಮಾಡಿದಿರಿ, ಕಾರ್ಕಳದಲ್ಲಿ ಕೂತ ಗೆಳೆಯನೂ 7 ಮಾಡಿದ. ಅವನದ್ದು ಮೊದಲು ಮೇನ್‌ಗೆ ಸೇರಿತು. ನೀವು ಪುಲ್ ಮಾಡಿ ಓಡಿಸಿದರೆ ಎರಡು ತುದಿಗಳಿವೆ ಅಂತ ಜಾಂಗೋ ನಿಲ್ಲುತ್ತದೆ. ಮರ್ಜ್ ಮೈಗ್ರೇಶನ್ ಮಾಡುವ ದಾರಿ ಇದೆ, ಆದರೆ ನನಗೆ ಇಷ್ಟವಾದ ದಾರಿ ಬೇರೆ. ನಿಮ್ಮ 7 ಇನ್ನೂ ಮೇನ್‌ಗೆ ಸೇರಿಲ್ಲವಾದರೆ, ನಿಮ್ಮ ಯಂತ್ರದ ಡೇಟಾಬೇಸನ್ನು 6ಕ್ಕೆ ಹಿಂದೆ ಒಯ್ಯಿರಿ. ಆಮೇಲೆ ನಿಮ್ಮ 7ರ ಕಡತ ಅಳಿಸಿ. ಮೇನ್ ಸೇರಿಸಿಕೊಳ್ಳಿ. ಮತ್ತೆ ಮೇಕ್‌ಮೈಗ್ರೇಶನ್ಸ್ ಓಡಿಸಿ, ಈಗ ನಿಮ್ಮದು 8 ಆಗುತ್ತದೆ. ಈ ಕ್ರಮ ತಪ್ಪಿ ಮೊದಲೇ ಕಡತ ಅಳಿಸಿದರೆ ಡೇಟಾಬೇಸ್‌ನಲ್ಲಿ ಕಾಲಂ ಇರುತ್ತದೆ, ಅದು ಹೇಗೆ ಬಂತು ಅನ್ನುವುದು ಎಲ್ಲೂ ಇರುವುದಿಲ್ಲ. ಸರ್ವರ್‌ನಲ್ಲಿ ಓಡಿದ ಮೈಗ್ರೇಶನ್ ಕಡತವನ್ನಂತೂ ಯಾವತ್ತೂ ಮುಟ್ಟಬೇಡಿ.

ಕಾಲಂ ತೆಗೆಯುವುದನ್ನು ಎರಡು ಸಲದಲ್ಲಿ ಮಾಡಿ. ಈ ವಾರ ಕೋಡ್ ಅದನ್ನು ಬಳಸುವುದನ್ನು ನಿಲ್ಲಿಸಲಿ. ಮುಂದಿನ ವಾರ ಕಾಲಂ ಹೋಗಲಿ. ಮಧ್ಯೆ ಏನಾದರೂ ಕೆಟ್ಟರೆ ಹಿಂದಕ್ಕೆ ಹೋಗಲು ದಾರಿ ಇರುತ್ತದೆ.

6. ಟೆಸ್ಟ್

ಎಲ್ಲದಕ್ಕೂ ಟೆಸ್ಟ್ (ಕೋಡ್ ಸರಿ ಉತ್ತರ ಕೊಡುತ್ತದಾ ಅಂತ ನೋಡುವ ಚಿಕ್ಕ ಕೋಡ್) ಬರೆಯಲು ಸಣ್ಣ ತಂಡಕ್ಕೆ ಸಮಯ ಇರುವುದಿಲ್ಲ. ಹಣ, ಅಳತೆ, ತಾರೀಕು, ಲಾಗಿನ್, ಈ ನಾಲ್ಕಕ್ಕೆ ಬಿಡದೆ ಬರೆಯಿರಿ. ಸಿಕ್ಕಿದ ಪ್ರತಿ ತಪ್ಪಿಗೂ, ಸರಿಮಾಡುವ ಮೊದಲು, ಅದನ್ನು ತೋರಿಸುವ ಒಂದು ಟೆಸ್ಟ್ ಸೇರಿಸಿ. ಎರಡು ಅಟ್ಟೆ ಮೂರು ಚೆಂಡು, ಅಟ್ಟೆಗೆ 800, ಉತ್ತರ 2200. ಆ ಅಮ್ಮನ ಲೆಕ್ಕ ಈಗಲೂ ನಮ್ಮ ಮೊದಲ ಟೆಸ್ಟ್. ಪುಲ್ ರಿಕ್ವೆಸ್ಟ್ ಬಂದಾಗಲೆಲ್ಲ ಟೆಸ್ಟ್‌ಗಳು ತಾವಾಗಿಯೇ ಓಡುವ ಹಾಗೆ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಹಾಕಿಟ್ಟರೆ ಯಾರೂ ಮರೆಯುವ ಪ್ರಶ್ನೆ ಇಲ್ಲ.

7. ಸರ್ವರ್‌ಗೆ ಹಾಕುವುದು

ಯಾವಾಗ ಹಾಕಬೇಕು ಅನ್ನುವುದು ಬಳಸುವವರ ದಿನಚರಿಯ ಮೇಲೆ ನಿಂತಿದೆ. ನಮ್ಮದು ಮಧ್ಯಾಹ್ನ ಊಟದ ನಂತರ, ಕಟ್ಟೆಯ ಗಡಿಬಿಡಿ ಮುಗಿದ ಮೇಲೆ. ಬೆಳಿಗ್ಗೆ ಯಾವತ್ತೂ ಇಲ್ಲ. ನಾಗರಪಂಚಮಿ, ಚೌತಿ, ಮದುವೆಯ ಸೀಸನ್ ಹತ್ತಿರ ಇದ್ದರೆ ಆ ವಾರ ಏನನ್ನೂ ಮುಟ್ಟುವುದಿಲ್ಲ. ಹೂವಿಗೆ ಬೇಡಿಕೆ ಏರುವ ದಿನಗಳು ಅವು.

ನಿಜವಾದ ಸರ್ವರ್‌ನ ಹಾಗೇ ಇರುವ ಇನ್ನೊಂದು ಪರೀಕ್ಷಾ ಸರ್ವರ್ ಇಟ್ಟುಕೊಳ್ಳಿ. ಅದರಲ್ಲಿ ಬೆಳೆಗಾರರ ನಿಜವಾದ ಹೆಸರು, ಫೋನ್ ನಂಬರ್ ಇರಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಇದು ಬರೀ ಸಭ್ಯತೆಯ ಮಾತಾಗಿ ಉಳಿದಿಲ್ಲ. ಬೇಡದ ಮಾಹಿತಿಯನ್ನು ಕೇಳಲೇಬೇಡಿ. ಹೂವಿನ ಲೆಕ್ಕಕ್ಕೆ ಆಧಾರ್ ನಂಬರ್ ಯಾಕೆ ಬೇಕು?

ಹಾಕುವ ದಿನ ಇಬ್ಬರು ಒಟ್ಟಿಗೆ ಕೂರಿ, ಫೋನಿನಲ್ಲಾದರೂ ಸರಿ. ಮೊದಲು ಬ್ಯಾಕಪ್. ಆಮೇಲೆ ಹೊಸ ಕೋಡ್, ಮೈಗ್ರೇಶನ್, ಸ್ಟ್ಯಾಟಿಕ್ ಕಡತಗಳು (ಚಿತ್ರ, ವಿನ್ಯಾಸದಂಥವು), ಸೇವೆಯನ್ನು ಮತ್ತೆ ಶುರು ಮಾಡುವುದು. ಕೊನೆಗೆ ಒಬ್ಬರು ಲಾಗಿನ್ ಆಗಿ ಒಂದು ಸುಳ್ಳು ಬೆಳೆಗಾರರ ಹೆಸರಿನಲ್ಲಿ ಒಂದು ಚೆಂಡು ಸೇರಿಸಿ, ಬಿಲ್ ನೋಡಿ, ಅಳಿಸುವುದು. ಈ ಸಾಲು ಸಾಲು ಕೆಲಸವನ್ನು ಒಂದು ಸ್ಕ್ರಿಪ್ಟ್‌ನಲ್ಲಿ ಬರೆದು ರೆಪೊದಲ್ಲೇ ಇಡಿ. ಹಳೆಯ ಕೋಡ್‌ಗೆ ಹಿಂದಿರುಗುವ ಕ್ರಮವೂ ಅಲ್ಲೇ ಇರಲಿ. ಒಮ್ಮೆ ಬೇಕೆಂದೇ ಹಿಂದಿರುಗಿ ನೋಡಿ. ತೊಂದರೆ ಬಂದ ರಾತ್ರಿ ಮೊದಲ ಸಲ ಕಲಿಯುವ ಕೆಲಸ ಅದಲ್ಲ.

ಎಚ್‌ಟಿಟಿಪಿಎಸ್‌ಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಉಚಿತ ಸರ್ಟಿಫಿಕೇಟ್ ಸಾಕು, ಸೈಟ್‌ಗೆ ಹೋಗಿ ಬರುವ ಮಾಹಿತಿ ಗುಟ್ಟಾಗಿರಲು ಅದು ಬೇಕು. ಸಾಮಾನ್ಯವಾಗಿ ಅದರ ಆಯಸ್ಸು 90 ದಿನ. ಸರ್ಟ್‌ಬಾಟ್ ಅನ್ನುವ ತಂತ್ರಾಂಶ ತಾನೇ ನವೀಕರಿಸುತ್ತದೆ, ಆದರೂ ಕ್ಯಾಲೆಂಡರಿನಲ್ಲಿ ಎರಡು ತಿಂಗಳಿಗೊಮ್ಮೆ ನೋಡುವ ಗುರುತು ಹಾಕಿಕೊಳ್ಳಿ.

8. ಬ್ಯಾಕಪ್

ರಾತ್ರಿ ಪಿಜಿಡಂಪ್ (ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪ್ರತಿ ತೆಗೆಯುವ ಆಜ್ಞೆ) ಓಡಿಸಿ, ಕಡತವನ್ನು ಗೂಢಲಿಪಿ ಮಾಡಿ, ಬೇರೆ ಕಂಪನಿಯ ಸಂಗ್ರಹಕ್ಕೆ ಕಳುಹಿಸಿ. ಅದೇ ಸರ್ವರ್‌ನಲ್ಲಿಟ್ಟ ಬ್ಯಾಕಪ್ ಸರ್ವರ್ ಹೋದರೆ ಅದರ ಜೊತೆಗೇ ಹೋಗುತ್ತದೆ.

ಬ್ಯಾಕಪ್ ಇದೆ ಅಂತ ನಂಬಿ ಕೂರಬೇಡಿ, ತೆರೆದು ನೋಡಿ. ತಿಂಗಳ ಮೊದಲ ಭಾನುವಾರ ನಾವು ಕೊನೆಯ ಬ್ಯಾಕಪ್ಪನ್ನು ಒಂದು ಖಾಲಿ ಡೇಟಾಬೇಸ್‌ಗೆ ತುಂಬುತ್ತೇವೆ. ಕಳೆದ ತಿಂಗಳ ಒಟ್ಟು ಚೆಂಡು ಎಷ್ಟು ಅಂತ ತೆಗೆಯುತ್ತೇವೆ. ಕಟ್ಟೆಯ ಅಣ್ಣ ಈಗಲೂ ಪುಸ್ತಕ ಬರೆಯುತ್ತಾರೆ. ಅವರಿಗೆ ಫೋನ್ ಮಾಡಿ ಅವರ ಮೊತ್ತ ಕೇಳುತ್ತೇವೆ. ಎರಡೂ ಹೊಂದಿದರೆ ಸರಿ. ಒಮ್ಮೆ 14 ಚೆಂಡು ವ್ಯತ್ಯಾಸ ಬಂತು. ಹುಡುಕಿದರೆ ನೆಟ್ ಇಲ್ಲದ ದಿನ ಪುಸ್ತಕದಲ್ಲಿ ಮಾತ್ರ ಬರೆದು, ಆ್ಯಪ್‌ಗೆ ಹಾಕುವುದು ಬಿಟ್ಟುಹೋಗಿತ್ತು. ಅವತ್ತಿನಿಂದ ಪುಸ್ತಕ ನಿಲ್ಲಿಸಿ ಅಂತ ನಾನು ಅವರಿಗೆ ಹೇಳುವುದನ್ನು ಬಿಟ್ಟೆ.

9. ದಿನದಿನದ ನಡೆಸುವಿಕೆ

ಸೈಟ್ ಎದ್ದಿದೆಯಾ ಅಂತ ಐದೈದು ನಿಮಿಷಕ್ಕೆ ನೋಡಿ ತಿಳಿಸುವ ಉಚಿತ ಸೇವೆಗಳಿವೆ, ಒಂದನ್ನು ಹಾಕಿಕೊಳ್ಳಿ. ಕರೆ ಎತ್ತುವ ಸರದಿ ವಾರಕ್ಕೊಬ್ಬರದ್ದು. ಎಲ್ಲರ ಜವಾಬ್ದಾರಿ ಅಂದರೆ ಬೆಳಿಗ್ಗೆ ಏಳಕ್ಕೆ ಯಾರೂ ಎತ್ತುವುದಿಲ್ಲ.

ವಾಟ್ಸ್ಆ್ಯಪ್‌ನಲ್ಲಿ ಮಾತಾಡಿ, ತೀರ್ಮಾನ ಮಾತ್ರ ಇಶ್ಯೂವಿಗೆ ಹೋಗಬೇಕು. "ಮುಂಗಡವನ್ನು ವಾರದ ಕೊನೆಗೆ ಕಳೆಯುವುದು ಅಂತ ಒಪ್ಪಿದೆವು, ಕಾರಣ ಇದು" ಅಂತ ಎರಡು ಸಾಲು. ಮೂರು ತಿಂಗಳಾದ ಮೇಲೆ "ಹೀಗೆ ಯಾಕೆ ಮಾಡಿದ್ದು?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ.

ವಾರಕ್ಕೊಂದು ಮೀಟಿಂಗ್, ಅರ್ಧ ಗಂಟೆ. ನಾವು ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಹೋಟೆಲಿನಲ್ಲಿ ಗೋಳಿಬಜೆ, ಚಹಾ ಇಟ್ಟುಕೊಂಡು ಮಾಡುತ್ತೇವೆ. ಪ್ರತಿಯೊಬ್ಬರೂ ಹೇಳಬೇಕಾದದ್ದು ಎಲ್ಲಿ ಸಿಕ್ಕಿಬಿದ್ದಿದ್ದೇನೆ ಅನ್ನುವುದನ್ನು. ಏನು ಮಾಡಿದೆ ಅನ್ನುವುದು ಗಿಟ್‌ಹಬ್‌ನಲ್ಲೇ ಕಾಣುತ್ತದೆ.

ದೊಡ್ಡ ತೊಂದರೆ ಆದಾಗ, ಸರಿಯಾದ ಮಾರನೇ ದಿನ ಅರ್ಧ ಪುಟ ಬರೆಯಿರಿ. ಏನಾಯಿತು, ಎಷ್ಟು ಹೊತ್ತಿಗೆ ಗೊತ್ತಾಯಿತು, ಏನು ಮಾಡಿದೆವು, ಮತ್ತೆ ಆಗದ ಹಾಗೆ ಏನು ಬದಲಿಸುತ್ತೇವೆ. ಅದರಲ್ಲಿ ಯಾರ ಹೆಸರೂ ಬೇಡ. ಬಳಸುವವರಿಗೆ ತೊಂದರೆ ಆಗಿದ್ದರೆ ನೀವೇ ಹೋಗಿ ಹೇಳಿ. ಆ 360 ರೂಪಾಯಿಯ ದಿನ ನಾವು ಇಬ್ಬರು ಆ ಅಮ್ಮನ ಮನೆಗೆ ಹೋಗಿ ಲೆಕ್ಕ ತೋರಿಸಿ ಬಂದೆವು. ಅವರು ಹೂ ಕಟ್ಟುತ್ತಲೇ ಕೇಳಿಸಿಕೊಂಡು, "ಇನ್ನು ಸರಿ ಬರ್ತದಲ್ಲ?" ಅಂದರು. ಆಮೇಲೆ ಹೊಸ ಪುಟ ಏನು ಮಾಡಿದರೂ ಮೊದಲು ಅವರಿಗೇ ತೋರಿಸುತ್ತೇವೆ.

10. ಒಬ್ಬರು ಹೊರಡುವಾಗ

ಕೆಲಸ ಸಿಕ್ಕಿತು ಅಂತ ಯಾರಾದರೂ ಹೇಳಿದ ದಿನವೇ ಹಸ್ತಾಂತರ ಶುರು ಮಾಡಿ. ಕೊನೆಯ ವಾರಕ್ಕೆ ಇಟ್ಟುಕೊಂಡರೆ ಬೀಳ್ಕೊಡುಗೆಯ ಊಟದಲ್ಲೇ ಮುಗಿಯುತ್ತದೆ. ಮೊದಲ ವಾರ ಅವರು ಮಾಡುತ್ತಾರೆ, ಜೊತೆಗಾರರು ನೋಡುತ್ತಾರೆ. ಎರಡನೇ ವಾರ ಜೊತೆಗಾರರು ಮಾಡುತ್ತಾರೆ, ಅವರು ನೋಡುತ್ತಾರೆ. ಮೂರನೇ ವಾರ ಅವರು ಫೋನ್ ಎತ್ತುವುದಿಲ್ಲ. ಆ ವಾರ ಎಲ್ಲಿ ಸಿಕ್ಕಿಬಿದ್ದಿರೋ ಅದನ್ನೆಲ್ಲ ಪಟ್ಟಿ ಮಾಡಿ, ನಾಲ್ಕನೇ ವಾರ ಅವರಿಂದ ಬರೆಸಿಕೊಳ್ಳಿ.

ಹೊರಟ ದಿನ ಗಿಟ್‌ಹಬ್, ಸರ್ವರ್, ಡೊಮೈನ್, ಇಮೇಲ್ ಎಲ್ಲದರಿಂದ ಅವರ ಪ್ರವೇಶ ತೆಗೆಯಿರಿ. ಸರ್ವರ್‌ನಲ್ಲಿ ಅವರ ಎಸ್‌ಎಸ್‌ಎಚ್ ಕೀ (ಪಾಸ್‌ವರ್ಡ್ ಇಲ್ಲದೆ ಸರ್ವರ್ ಒಳಗೆ ಬಿಡುವ ಬೀಗದ ಕೈ) ಉಳಿದಿರುತ್ತದೆ, ಅದನ್ನು ಮರೆಯುವವರು ಜಾಸ್ತಿ. ಹಂಚಿಕೊಂಡಿದ್ದ ಪಾಸ್‌ವರ್ಡ್‌ಗಳನ್ನು ಬದಲಿಸಿ. ಇದು ಅಪನಂಬಿಕೆ ಅಂತ ಯಾರಿಗೂ ಅನಿಸದ ಹಾಗೆ ಮೊದಲೇ ಎಲ್ಲರಿಗೂ ಹೇಳಿಟ್ಟಿರಬೇಕು.

ಹೊಸಬರು ಬಂದಾಗ ಅವರ ಕೈಗೆ ರೀಡ್‌ಮಿ ಕೊಟ್ಟು ಪಕ್ಕದಲ್ಲಿ ಸುಮ್ನೆ ಕೂರಿ. ಬಾಯಿ ಬಿಡಬೇಡಿ. ಅವರು ಎಲ್ಲಿ ನಿಲ್ಲುತ್ತಾರೋ ಆ ಸಾಲನ್ನು ಅವರೇ ತಿದ್ದಲಿ. ಆ ತಿದ್ದುಪಡಿಯೇ ಅವರ ಮೊದಲ ಪುಲ್ ರಿಕ್ವೆಸ್ಟ್. ಶಿರ್ವದ ಗೆಳತಿ ಈಗ ಬೆಂಗಳೂರಿನಲ್ಲಿದ್ದಾಳೆ. ಅವಳ ಜಾಗಕ್ಕೆ ಬಂದ ಹುಡುಗಿ ಸುರತ್ಕಲ್‌ನವಳು, ಅಟ್ಟೆ ಚೆಂಡಿನ ಲೆಕ್ಕ ಅವಳಿಗೆ ಹೊಸದು. ಮೊದಲ ದಿನ ಅವಳು ಪದಪಟ್ಟಿ ಓದಿ, "ಜಾಜಿಗೂ ಇದೇ ಅಟ್ಟೆಯ ಲೆಕ್ಕವಾ? ಇಲ್ಲಿ ಬರೆದಿಲ್ಲವಲ್ಲ" ಅಂತ ಕೇಳಿದಳು. ಕಟ್ಟೆಗೆ ಕರೆದುಕೊಂಡು ಹೋದೆ. ಅಣ್ಣನ ಹತ್ತಿರ ಕೂತು ಕೇಳಿಕೊಂಡು, ಸಂಜೆ ಅವಳೇ ಆ ಸಾಲು ಬರೆದು ಸೇರಿಸಿದಳು.